ಬೈಪಾಸ್ ಆದ ಮೇಲೆ ಎದ್ದು ನಡೆಯುವ ಚರಿತ್ರೆ

ಬೈಪಾಸ್ ಆದ ಮೂರನೇ ದಿನಕ್ಕೇ ಅಪ್ಪನನ್ನು ವಾರ್ಡಿನಲ್ಲಿ ನಡೆಸಿದರು ಅಂದಾಗ ಔರಾದಿನ ನಮ್ಮ ಓಣಿಯಲ್ಲಿ ಯಾರೂ ನಂಬಲಿಲ್ಲ. "ಎದಿ ಸೀಳಿ ಮ್ಯಾಲ ನಡಸ್ತಾರ?" ಅಂತ ಪಕ್ಕದ ಮನೆ ಅಜ್ಜಿ ಆಸ್ಪತ್ರೆಯವರಿಗೇ ಬೈದಳು. ನನಗೆ ಕುತೂಹಲ ಹುಟ್ಟಿ, ಆಸ್ಪತ್ರೆಯಲ್ಲಿ ಕಾಯುವ ರಾತ್ರಿಗಳಲ್ಲಿ ಓದುತ್ತಾ ಹೋದೆ. ಓದಿದರೆ ತಮಾಷೆ ನೋಡಿ, ನೂರು ವರ್ಷದ ಹಿಂದೆ ಅಮೆರಿಕದ ದೊಡ್ಡ ಡಾಕ್ಟರುಗಳೂ ಅಜ್ಜಿಯ ಪಕ್ಷವೇ!

1912ರಲ್ಲಿ ಶಿಕಾಗೋದ ಜೇಮ್ಸ್ ಹೆರಿಕ್ ಹೃದಯಾಘಾತದ ಬಗ್ಗೆ ಬರೆದಾಗ, ರೋಗಿ ಅಲುಗಾಡದೆ ಮಲಗಿರಬೇಕು ಅಂದಿದ್ದರು. ಹೃದಯದ ಗಾಯ ಮಾಯಲು ಸುಮಾರು ಆರು ವಾರ ಬೇಕು ಅಂತ ಆಮೇಲೆ ಗೊತ್ತಾಯಿತು. ಸರಿ, ಆರು ವಾರ ಹಾಸಿಗೆ ಅನ್ನೋದೇ ನಿಯಮವಾಯಿತು. ಆದರೆ ಮಲಗಿದಲ್ಲೇ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರುತ್ತಿತ್ತು, ನ್ಯುಮೋನಿಯಾ ಬರುತ್ತಿತ್ತು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿ ನೋಡಿದರು. ಬರೀ ಕುರ್ಚಿ, ಅಷ್ಟೇ! ಕೂತವರು ಚೇತರಿಸಿಕೊಂಡರು. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಡಾಕ್ಟರ್ ಪಾಲ್ ವೈಟ್ ಅವರನ್ನು ಮತ್ತೆ ನಡೆಯಲು, ಕೆಲಸ ಮಾಡಲು ಹಚ್ಚಿದರು. ಮುಂದಿನ ವರ್ಷ ಅವರು ಚುನಾವಣೆಯನ್ನೂ ಗೆದ್ದರು.

ಆಪರೇಷನ್ನಿನ ಕಥೆ ಅದೇ ಕಾಲದ್ದು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಹಾರ್ಟ್-ಲಂಗ್ ಮಷಿನ್ ಹಚ್ಚಿ ಒಬ್ಬ ಹುಡುಗಿಯ ಹೃದಯದ ತೂತು ಮುಚ್ಚಿದರು. ನಮ್ಮ ದೇಶದಲ್ಲಿ 1961ರಲ್ಲಿ ಮುಂಬೈ, ವೆಲ್ಲೂರುಗಳಲ್ಲಿ ತೆರೆದ ಹೃದಯದ ಆಪರೇಷನ್ ಶುರುವಾಯಿತು. 1967ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ರೆನೆ ಫವಲೋರೊ ಕಾಲಿನ ರಕ್ತನಾಳ ತೆಗೆದು ಬೈಪಾಸ್ ಮಾಡಿದರು. ಭಾರತದ ಮೊದಲ ಬೈಪಾಸ್ 1975ರಲ್ಲಿ, ಚೆನ್ನೈನ ಪೆರಂಬೂರ್ ರೈಲ್ವೆ ಆಸ್ಪತ್ರೆಯಲ್ಲಿ, ಡಾ. ಕೆ.ಎಂ. ಚೆರಿಯನ್ ಕೈಯಲ್ಲಿ. ಈ ಹೆಸರುಗಳೆಲ್ಲ ಪುಸ್ತಕದಲ್ಲಿವೆ. ಆಮೇಲಿನ ಮೂರು ತಿಂಗಳು ಯಾರ ಕೈಯಲ್ಲಿ ಅನ್ನೋದು ಮಾತ್ರ ಎಲ್ಲೂ ಇಲ್ಲ.

ನಮ್ಮ ಜಿಲ್ಲೆಯವರಿಗೆ ಈ ಕಥೆಯಲ್ಲಿ ಒಂದು ರಸ್ತೆಯೂ ಸೇರುತ್ತದೆ. 1956ರ ನವೆಂಬರ್ 1ರವರೆಗೆ ಬೀದರ ಹೈದರಾಬಾದ್ ರಾಜ್ಯದಲ್ಲಿತ್ತು. ರಾಜ್ಯ ಬದಲಾಯಿತು, ದೊಡ್ಡ ಕಾಯಿಲೆಯ ದಾರಿ ಬದಲಾಗಲಿಲ್ಲ. ಬೆಂಗಳೂರು ದೂರ, ಹೈದರಾಬಾದ್ ಬೀದರ ನಗರದಿಂದ ಸುಮಾರು 140 ಕಿ.ಮೀ. ಅಪ್ಪನ ಆಪರೇಷನ್ನೂ ಅಲ್ಲೇ ಆಯಿತು. ಎಂಟನೇ ದಿನ ಡಿಸ್ಚಾರ್ಜ್. ಕೈಗೆ ಇಂಗ್ಲಿಷಿನ ಆರು ಪುಟ ಕೊಟ್ಟರು, ಬಿಡಿಸಿ ಹೇಳುವವರು ಯಾರೂ ಇರಲಿಲ್ಲ. ಜಹೀರಾಬಾದ್ ದಾಟಿ ಬೀದರ, ಅಲ್ಲಿಂದ ಮತ್ತೆ ಔರಾದ್. ಪ್ರತಿ ಹಂಪಿಗೂ ಅಪ್ಪ ಎದೆಗೆ ದಿಂಬು ಅಪ್ಪಿಕೊಳ್ಳುತ್ತಿದ್ದರು.

ಈ ದಿಂಬಿನ ಹಿಂದೆಯೂ ಲೆಕ್ಕ ಇದೆ. ಎದೆಯ ನಡುವಿನ ಮೂಳೆಯನ್ನು ಉದ್ದಕ್ಕೆ ಕೊಯ್ದು, ಕೆಲಸ ಮುಗಿದ ಮೇಲೆ ಸ್ಟೀಲ್ ತಂತಿಯಿಂದ ಹೊಲಿಯುತ್ತಾರೆ. ಅದು ಕೂಡಿಕೊಳ್ಳಲು ಆರರಿಂದ ಹನ್ನೆರಡು ವಾರ ಬೇಕು. ಕೆಮ್ಮುವಾಗ ದಿಂಬು ಒತ್ತಿ ಹಿಡಿದರೆ ಮೂಳೆ ಎಳೆಯುವುದಿಲ್ಲ. ಕೆಮ್ಮದೇ ಇದ್ದರೆ ಕಫ ನಿಲ್ಲುತ್ತದೆ, ಅದಕ್ಕೇ ಮೂರು ಚೆಂಡಿನ ಸ್ಪೈರೋಮೀಟರ್ ಎಳೆಯಬೇಕು. ಕೊಡ ಎತ್ತುವ ಹಾಗಿಲ್ಲ, ಬೈಕ್ ಓಡಿಸುವ ಹಾಗಿಲ್ಲ. ರಕ್ತನಾಳ ತೆಗೆದ ಕಾಲು ಬಾಯುತ್ತದೆ. ರೊಟ್ಟಿ ರುಚಿಸುವುದಿಲ್ಲ. ಕಾರಣವಿಲ್ಲದೆ ಅಳು ಬರುತ್ತದೆ. ನಲವತ್ತು ವರ್ಷ ಹೊಲ ಮಾಡಿದ ಅಪ್ಪ ಒಂದು ಸಂಜೆ ಗೋಡೆ ಕಡೆ ತಿರುಗಿ ಅತ್ತಾಗ ಅವ್ವ ಹೆದರಿಬಿಟ್ಟಳು. ಬೈಪಾಸ್ ಆದ ಅನೇಕರಿಗೆ ಹೀಗಾಗುತ್ತದೆ ಅಂತ ನಮಗೆ ಯಾರೂ ಮೊದಲೇ ಹೇಳಿರಲಿಲ್ಲ.

ನಿಜವಾಗಿ ಅಪ್ಪನನ್ನು ಕಾದವಳು ಭಾಲ್ಕಿಯಲ್ಲಿರುವ ನನ್ನ ಅಕ್ಕ. ದಿನಾ ಸಂಜೆ ಫೋನಿನಲ್ಲಿ ನಾಲ್ಕೇ ಪ್ರಶ್ನೆ: ಜ್ವರ ಇದೆಯಾ? ಗಾಯ ಒದ್ದೆ ಇದೆಯಾ? ತೂಕ ಎಷ್ಟು? ಇವತ್ತು ಎಷ್ಟು ದೂರ ನಡೆದಿರಿ? ತೂಕ ದಿಢೀರ್ ಏರಿದರೆ ಮೈಯಲ್ಲಿ ನೀರು ತುಂಬುತ್ತಿದೆ ಅಂತ ಅರ್ಥ. ಹದಿನಾಲ್ಕನೇ ದಿನ ಎರಡನೇ ಪ್ರಶ್ನೆಗೆ "ಸ್ವಲ್ಪ ಒದ್ದಿ ಅದ" ಅಂತ ಉತ್ತರ ಬಂತು. ಅಪ್ಪನಿಗೆ ಸಕ್ಕರೆ ಕಾಯಿಲೆ ಬೇರೆ. ಅಕ್ಕ ಬೆಳಗಾಗುವವರೆಗೆ ಕಾಯಲಿಲ್ಲ, ಆ ರಾತ್ರಿಯೇ ಬೀದರಿಗೆ ಕರೆಸಿದಳು. ಸೋಂಕು ಚರ್ಮದ ಮಟ್ಟದಲ್ಲೇ ಇತ್ತು, ಮೂಳೆಗೆ ಇಳಿದಿರಲಿಲ್ಲ. ಔಷಧಿಯಲ್ಲೇ ಹೋಯಿತು. ಇಳಿದಿದ್ದರೆ ಮತ್ತೆ ಎದೆ ತೆರೆಯಬೇಕಾಗುತ್ತಿತ್ತು.

ದುಡ್ಡಿನ ಮಟ್ಟಿಗೆ ನಮ್ಮ ರಾಜ್ಯ ದೊಡ್ಡ ಕೆಲಸ ಮಾಡಿದೆ, ಅದನ್ನು ಹೇಳಲೇಬೇಕು. 2003ರಲ್ಲಿ ಸಹಕಾರ ಸಂಘದ ರೈತರಿಗೆ ಯಶಸ್ವಿನಿ ಬಂತು, ಆಗ ವಂತಿಗೆ ತಿಂಗಳಿಗೆ 5 ರೂಪಾಯಿ. 2010ರಲ್ಲಿ ಬಡ ಕುಟುಂಬಗಳಿಗೆ ವಾಜಪೇಯಿ ಆರೋಗ್ಯಶ್ರೀ ಬಂತು, ಅದು ಮೊದಲು ಶುರುವಾಗಿದ್ದು ನಮ್ಮ ಗುಲ್ಬರ್ಗ ವಿಭಾಗದಲ್ಲೇ. ಯೋಜನೆ ತಲುಪಿದ ಹಳ್ಳಿಗಳನ್ನೂ ತಲುಪದ ಹಳ್ಳಿಗಳನ್ನೂ ಹೋಲಿಸಿದ 2014ರ ಒಂದು ಅಧ್ಯಯನದಲ್ಲಿ, ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡವರ ಸಾವು ಶೇ. 64ರಷ್ಟು ಕಡಿಮೆ ಕಂಡಿತು. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಯಿತು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಆಸ್ಪತ್ರೆಯ 371 ಹಾಸಿಗೆಗಳ ಹೊಸ ಕಟ್ಟಡ ಉದ್ಘಾಟನೆಯಾಯಿತು. ಬೀದರದಿಂದ ಅಲ್ಲಿಗೆ 2017ರಿಂದ ನೇರ ರೈಲಿದೆ. ಇನ್ನಾದರೂ ನಮ್ಮ ಹಳೇ ದಾರಿ ಬದಲಾದೀತು.

ಆದರೂ ನನ್ನ ತಲೆಯಲ್ಲಿ ಉಳಿದಿದ್ದು ಆ ಕುರ್ಚಿ ಮತ್ತು ಅಕ್ಕನ ಫೋನು. ಎರಡಕ್ಕೂ ಹೆಚ್ಚು ಖರ್ಚಿಲ್ಲ, ಎರಡೂ ಜೀವ ಉಳಿಸುತ್ತವೆ. ನಮ್ಮ ಸಾಫ್ಟ್‌ವೇರಿನಲ್ಲಿ ರಿಲೀಸ್ ಆದ ಮೇಲೆ ಕೆಲವು ವಾರ ಯಾರಾದರೂ ಕಣ್ಣಿಟ್ಟಿರಲೇಬೇಕು ಅಂತ ನಿಯಮ ಇದೆ. ಎದೆ ಹೊಲಿಸಿಕೊಂಡು ಔರಾದಿಗೆ ಮರಳಿದವರ ಮೇಲೆ ಕಣ್ಣಿಡಲು ಎಲ್ಲರ ಮನೆಯಲ್ಲೂ ನನ್ನ ಅಕ್ಕನಂಥವಳು ಇರುವುದಿಲ್ಲ. ತಾಲೂಕು ಆಸ್ಪತ್ರೆಯಿಂದ ಒಬ್ಬರು, ದಿನಾ ಸಂಜೆ, ಕನ್ನಡದಲ್ಲಿ, ಆ ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಹಾಗೆ ಕೇಳಬೇಕಾದವರಲ್ಲಿ ಯಾರಾದರೂ ಇದನ್ನು ಓದಲಿ ಅಂತಲೇ ಬರೆದೆ.