ಪಾರ್ಕಿನ ವಿಷಯ ಯಾರನ್ನ ಕೇಳ್ಬೇಕು?

ನಿಮ್ಮ ಏರಿಯಾದ ಪಾರ್ಕಿನ ಗೇಟಿಗೆ ಒಂದು ದಿನ ಫ್ಲೆಕ್ಸ್ ಬೀಳುತ್ತೆ. ಉದ್ಯಾನವನ ಮತ್ತು ಕ್ಲಬ್ ಹೌಸ್ ನವೀಕರಣ, ಸಾರ್ವಜನಿಕರು ಬಂದು ಸಲಹೆ ಕೊಡಬಹುದು ಅಂತ. ಸಭೆ ಇರೋದು ವಾರದ ಮಧ್ಯೆ, ಬೆಳಿಗ್ಗೆ ಹನ್ನೊಂದಕ್ಕೆ. ನಾವು ನೀವು ಆ ಹೊತ್ತಿಗೆ ಆಫೀಸಿನಲ್ಲೋ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲೋ ಇರ್ತೀವಿ. ಹೋಗೋರು ನಿವೃತ್ತರು, ವಾಕಿಂಗ್ ಬಳಗದವರು, ಅಸೋಸಿಯೇಷನ್ ಸೆಕ್ರೆಟರಿ. ಅಲ್ಲಿ ಒಂದಷ್ಟು ಮಾತು, ಕಾಫಿ, ಸಹಿ. ಆರು ತಿಂಗಳಾದ ಮೇಲೆ ನೋಡಿದ್ರೆ ಹುಲ್ಲು ಹೋಗಿ ಟೈಲ್ಸ್ ಬಂದಿರುತ್ತೆ. ಯಾರನ್ನ ಕೇಳಿ ಮಾಡಿದ್ರು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಶುರು.

ಆ ಪ್ರಶ್ನೆ ತುಂಬಾ ಹಳೇದು. ನಮ್ಮ ಬೆಂಗಳೂರಿನಲ್ಲಂತೂ ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ ಬಂದಿದೆ. ಆದರೂ ನಮ್ಮಲ್ಲಿ ಎಷ್ಟೋ ಜನಕ್ಕೆ ಆ ಕಥೆ ಗೊತ್ತಿಲ್ಲ.

ಮೊದಲಿಂದ ಶುರು ಮಾಡೋಣ. 1870ರಲ್ಲಿ ಕಬ್ಬನ್ ಪಾರ್ಕ್ ಆದಾಗ ಯಾರನ್ನೂ ಕೇಳುವ ಪ್ರಶ್ನೆಯೇ ಇರಲಿಲ್ಲ. ಮೈಸೂರು ಆಗ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ನಕ್ಷೆ ಬರೆದರು, ಹಂಗಾಮಿ ಕಮಿಷನರ್ ಜಾನ್ ಮೀಡ್ ಕಾಲದಲ್ಲಿ ತೋಟ ಎದ್ದಿತು. ಮೊದಲು ಅದಕ್ಕೆ ಮೀಡ್ ಹೆಸರೇ ಇತ್ತು, ಆಮೇಲೆ ಕಬ್ಬನ್ ಹೆಸರು ಬಂತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತಾಯ್ತು. ಮೂರು ಹೆಸರೂ ಮೇಲಿಂದ ಬಂದವು. ಜನ ಮಾತ್ರ ಇವತ್ತಿಗೂ ಕಬ್ಬನ್ ಪಾರ್ಕ್ ಅಂತಲೇ ಕರೀತಾರೆ. ಈ ಪಾರ್ಕಿನ ವಿಷಯದಲ್ಲಿ ಜನಾಭಿಪ್ರಾಯ ಗೆದ್ದ ಮೊದಲ ಸಂದರ್ಭ ಬಹುಶಃ ಅದೇ ಇರಬೇಕು!

ಕ್ಲಬ್ ಹೌಸಿನ ಕಥೆಯೂ ಅಲ್ಲೇ ಇದೆ. 1917ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, ಅವರದೇ ಮುಂದಾಳತ್ವದಲ್ಲಿ ಸೆಂಚುರಿ ಕ್ಲಬ್ ಹುಟ್ಟಿತು. ಊರಿನ ದೊಡ್ಡ ಕ್ಲಬ್ಬುಗಳಲ್ಲಿ ಬಿಳಿಯರದೇ ದರ್ಬಾರು ನಡೀತಿದ್ದ ಕಾಲ ಅದು. ನಮ್ಮವರಿಗೂ ಒಂದು ಜಾಗ ಬೇಕು ಅನ್ನೋದು ನ್ಯಾಯವಾದ ಆಸೆಯೇ. ಆದರೆ ಕ್ಲಬ್ ಅಂದ ಮೇಲೆ ಸದಸ್ಯತ್ವ ಇರುತ್ತೆ, ಸದಸ್ಯತ್ವ ಅಂದ ಮೇಲೆ ಒಳಗಿನವರು, ಹೊರಗಿನವರು ಅಂತ ಎರಡು ಪಂಗಡ ಆಗುತ್ತೆ. ಸಾರ್ವಜನಿಕ ತೋಟದ ನಡುವೆ ಸದಸ್ಯರ ಕಟ್ಟಡ ನಿಂತರೆ ಅದು ಯಾರದ್ದು? ಈ ಜಗಳ ನೂರು ವರ್ಷ ದಾಟಿದ ಮೇಲೂ ನಡೀತಿದೆ. ಮಹಾರಾಜರು ಕೊಟ್ಟ ಜಮೀನಿನ ಮೇಲೆ ನಿಂತಿರುವ ಕ್ಲಬ್ಬು ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತೆ ಅಂತ ನಮ್ಮ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿದ್ದು ತೀರಾ ಇತ್ತೀಚೆಗೆ.

ಈಗ ಬಡಾವಣೆಯ ಸಣ್ಣ ಪಾರ್ಕುಗಳಿಗೆ ಬರೋಣ. 1945ರಲ್ಲಿ ಬೆಂಗಳೂರು ನಗರ ಸುಧಾರಣಾ ಕಾಯ್ದೆ ಬಂತು. ಅದರಿಂದ ಹುಟ್ಟಿದ್ದೇ ಸಿಐಟಿಬಿ. ಇವತ್ತು ನಮ್ಮ ಮನೆಯಲ್ಲಿ ಹಿರಿಯರು "ಸಿಐಟಿಬಿ ಸೈಟು" ಅಂತ ಹೆಮ್ಮೆಯಿಂದ ಹೇಳ್ತಾರಲ್ಲ, ಅದೇ. ಹೊಸ ಬಡಾವಣೆ ಮಾಡಬೇಕಾದ್ರೆ ಸಿಐಟಿಬಿ ಸುಮ್ಮನೆ ಜಮೀನು ಅಳೆದು ಸೈಟು ಹಂಚುವ ಹಾಗಿರಲಿಲ್ಲ. ಮೊದಲು ಯೋಜನೆ ತಯಾರಾಗಬೇಕು, ಅದನ್ನು ಪ್ರಕಟಿಸಬೇಕು, ಆಕ್ಷೇಪಣೆ ಇದ್ದವರು ಹೇಳಲು ಅವಕಾಶ ಕೊಡಬೇಕು, ಆಮೇಲೆ ಸರ್ಕಾರ ಮಂಜೂರು ಮಾಡಬೇಕು. ಇಲ್ಲಿ ರಸ್ತೆ, ಇಲ್ಲಿ ಮನೆ, ಇಲ್ಲಿ ಪಾರ್ಕು ಅಂತ ನಕ್ಷೆಯಲ್ಲಿ ಗುರುತಾದ ಮೇಲೆ ಅದಕ್ಕೆ ಕಾನೂನಿನ ಬಲ ಬರ್ತಿತ್ತು. ಜನ ಆ ನಕ್ಷೆ ನೋಡಿ, ಎದುರುಗಡೆ ಪಾರ್ಕ್ ಇದೆ ಅಂತ ನಂಬಿ ಸೈಟು ತಗೊಳ್ತಿದ್ದರು. ಸಾಲ ಮಾಡಿ ಮನೆ ಕಟ್ಟುತ್ತಿದ್ದರು. ನಕ್ಷೆಯ ಮೇಲಿನ ಆ ಹಸಿರು ಚೌಕ ಅವರ ಪಾಲಿಗೆ ಸರ್ಕಾರ ಕೊಟ್ಟ ಮಾತು.

ಹಾಗೆ ಆದ ಬಡಾವಣೆಗಳಲ್ಲಿ ಒಂದು, ಸ್ಯಾಂಕಿ ಕೆರೆಯ ಹತ್ತಿರದ ರಾಜಮಹಲ್ ವಿಲಾಸ ಬಡಾವಣೆ. ಕೆರೆ ಕಟ್ಟಿಸಿದ್ದು ಅದೇ ರಿಚರ್ಡ್ ಸ್ಯಾಂಕಿ, 1882ರಲ್ಲಿ. ಬಡಾವಣೆಯ ಯೋಜನೆಯಲ್ಲಿ ಒಂದು ತೆರೆದ ಜಾಗ ಸಾರ್ವಜನಿಕ ಪಾರ್ಕಿಗೆ ಅಂತ ಮೀಸಲಾಗಿತ್ತು.

1975ರಲ್ಲಿ ಕರ್ನಾಟಕ ಸರ್ಕಾರ ಉದ್ಯಾನಗಳ ಸಂರಕ್ಷಣೆಗೆ ಅಂತಲೇ ಒಂದು ಕಾಯ್ದೆ ತಂದಿತು. ಕಬ್ಬನ್ ಪಾರ್ಕ್, ಲಾಲ್‌ಬಾಗಿನಂಥ ಸರ್ಕಾರಿ ತೋಟಗಳಲ್ಲಿ ಕಂಡಕಂಡ ಕಟ್ಟಡ ಏಳೋದನ್ನ ತಡೆಯುವ ಒಳ್ಳೇ ಕೆಲಸ. ಆದರೆ ಮರುವರ್ಷವೇ, 1976ರ ಮೇ 27 ಮತ್ತು ಜೂನ್ 11ರಂದು, ಸ್ಯಾಂಕಿ ಕೆರೆ ಹತ್ತಿರದ ಆ ಬಡಾವಣೆ ಪಾರ್ಕಿನ ಜಾಗದ ಬಗ್ಗೆ ಎರಡು ಸರ್ಕಾರಿ ಆದೇಶ ಹೊರಟವು. ಜಾಗವನ್ನ ಒಂದು ಖಾಸಗಿ ವೈದ್ಯಕೀಯ ಟ್ರಸ್ಟಿಗೆ ಆಸ್ಪತ್ರೆ ಕಟ್ಟಲು ಕೊಡಿ ಅಂತ. ಹಿಂದಿದ್ದದ್ದು ಅಂದಿನ ಮುಖ್ಯಮಂತ್ರಿಯ ನಿರ್ದೇಶನ. ಸಿಐಟಿಬಿ ಹೋಗಿ ಬಿಡಿಎ ಬಂದು ಇನ್ನೂ ತಿಂಗಳುಗಳಷ್ಟೇ ಆಗಿತ್ತು. ಜುಲೈ 14ರಂದು ಬಿಡಿಎ ನಿರ್ಣಯ ಮಾಡಿ ಜಾಗ ಹಂಚಿಯೇಬಿಟ್ಟಿತು. ದೇಶದಲ್ಲಿ ಆಗ ತುರ್ತು ಪರಿಸ್ಥಿತಿ. ಪಾರ್ಕಿನ ಎದುರು ಮನೆ ಕಟ್ಟಿಕೊಂಡವರನ್ನ ಯಾರೂ ಕೇಳಲಿಲ್ಲ.

ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು. ಬಿಡಲಿಲ್ಲ, ವಿಭಾಗೀಯ ಪೀಠಕ್ಕೆ ಹೋದರು, ಗೆದ್ದರು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. ತೀರ್ಪು ಬಂದದ್ದು 1991ರ ಜುಲೈಯಲ್ಲಿ. ಆದೇಶ ಹೊರಟಾಗ ಹುಟ್ಟಿದ ಮಗು ಆ ಹೊತ್ತಿಗೆ ಎಸ್ಸೆಸ್ಸೆಲ್ಸಿ ಮುಗಿಸುವ ವಯಸ್ಸಿಗೆ ಬಂದಿತ್ತು. 'ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ' ಅಂತ ಕಾನೂನು ಓದುವ ಹುಡುಗರು ಇವತ್ತಿಗೂ ಬಾಯಿಪಾಠ ಮಾಡೋದು ಇದೇ ಮೊಕದ್ದಮೆಯನ್ನ.

ಟ್ರಸ್ಟಿನ ವಾದಗಳು ಕೇಳೋಕೆ ಚೆನ್ನಾಗೇ ಇದ್ದವು. ಒಂದು, ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ವಾ? ಇನ್ನೊಂದು, ಈ ನಿವಾಸಿಗಳಿಗೆ ಕೇಳುವ ಹಕ್ಕೇನಿದೆ? ಜಾಗ ಅವರದ್ದಲ್ಲವಲ್ಲ!

ನ್ಯಾಯಮೂರ್ತಿಗಳಾದ ಟಿ.ಕೆ. ತೊಮ್ಮೆನ್ ಮತ್ತು ಆರ್.ಎಂ. ಸಹಾಯ್ ಎರಡನ್ನೂ ಒಪ್ಪಲಿಲ್ಲ. ಪಾರ್ಕು ಎಲ್ಲರದ್ದು, ಖಾಸಗಿ ಆಸ್ಪತ್ರೆ ಹಾಗಲ್ಲ, ಒಂದರ ಬದಲು ಇನ್ನೊಂದನ್ನ ಇಡೋಕಾಗಲ್ಲ ಅಂದರು. ಮಂಜೂರಾದ ಯೋಜನೆಯನ್ನ ಸರ್ಕಾರ ಒಂದು ಆದೇಶದಿಂದ ತಿರುಚೋ ಹಾಗಿಲ್ಲ. ಯೋಜನೆ ಬದಲಾಯಿಸುವ ಅಧಿಕಾರ ಕಾನೂನು ಕೊಟ್ಟಿರೋದು ಪ್ರಾಧಿಕಾರಕ್ಕೆ, ಅದೂ ಯೋಜನೆಯನ್ನ ಇನ್ನಷ್ಟು ಚೆನ್ನಾಗಿ ಮಾಡೋಕೆ. ಮೇಲಿನವರು ಹೇಳಿದರು ಅಂತ ಪ್ರಾಧಿಕಾರ ತಲೆಯಾಡಿಸಿದರೆ ಅದು ವಿವೇಚನೆ ಅನ್ನಿಸಿಕೊಳ್ಳಲ್ಲ. ಇನ್ನು ಕೇಳುವ ಹಕ್ಕು: ಗಾಳಿ, ಬೆಳಕು, ಮಕ್ಕಳ ಆಟ ಕಳಕೊಳ್ಳೋರು ಅಲ್ಲಿ ವಾಸ ಮಾಡೋರೇ ಆದ್ದರಿಂದ ಅವರಿಗಲ್ಲದೆ ಇನ್ಯಾರಿಗೆ ಆ ಹಕ್ಕು? ಹಿಂದೆಲ್ಲ ತೋಟ ಅನ್ನೋದು ರಾಜರ, ಶ್ರೀಮಂತರ ಸೊತ್ತಾಗಿತ್ತು, ಸಾಮಾನ್ಯ ಮನುಷ್ಯನೂ ಸಮಾನ ಅನ್ನೋ ವಿಚಾರದ ಜೊತೆಗೇ ಸಾರ್ವಜನಿಕ ಪಾರ್ಕು ಬೆಳೀತು, ಈಗ ಅದು ಜನ ತಮಗೆ ತಾವೇ ಕೊಟ್ಟುಕೊಂಡ ಉಡುಗೊರೆ ಅನ್ನುವ ಅರ್ಥದ ಮಾತನ್ನ ನ್ಯಾ. ಸಹಾಯ್ ಬರೆದರು.

ಈ ತೀರ್ಪಿಗೆ ಬೆನ್ನೆಲುಬಾದದ್ದೂ ನಮ್ಮದೇ ರಾಜ್ಯದ ಒಂದು ಹಳೇ ಮೊಕದ್ದಮೆ. ಅದು ಉಡುಪಿಯದ್ದು, 1974ರ ತೀರ್ಪು. ವಸತಿ ಪ್ರದೇಶದಲ್ಲಿ ಕಲ್ಯಾಣ ಮಂಟಪ ಮತ್ತು ಉಪನ್ಯಾಸ ಮಂದಿರ ಕಟ್ಟೋಕೆ ಪುರಸಭೆ ಪರವಾನಗಿ ಕೊಟ್ಟಿತ್ತು. ಆಮೇಲೆ ಅದನ್ನೇ ಸಿನಿಮಾ ಥಿಯೇಟರ್ ಮಾಡೋಕೂ ಒಪ್ಪಿಗೆ ಕೊಟ್ಟಿತು. ಅಲ್ಲಿನ ನಿವಾಸಿಯೊಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋದರು. ಊರಿನ ಯೋಜನೆ ಪುರಸಭೆಯನ್ನೂ ಕಟ್ಟಿಹಾಕುತ್ತೆ, ಅದನ್ನ ಮೀರಿ ಕೊಟ್ಟ ಒಪ್ಪಿಗೆ ಊರ್ಜಿತವಲ್ಲ ಅಂತ ಕೋರ್ಟು ಹೇಳಿತು. ನೋಡಿ, ಕಟ್ಟಡ ಒಂದೇ, ಗೋಡೆ ಅವೇ, ಬದಲಾದದ್ದು ಒಳಗೆ ಏನು ನಡೆಯುತ್ತೆ ಅನ್ನೋದು. ನಮ್ಮ ಪಾರ್ಕಿನ ಕ್ಲಬ್ ಹೌಸಿಗೂ ಇದು ಅನ್ವಯ. "ನವೀಕರಣ" ಅಂದಾಗ ಬಣ್ಣ ಹೊಡೆಯೋದೂ ಅದರಲ್ಲಿ ಬರುತ್ತೆ, ವಾಚನಾಲಯ ಹೋಗಿ ಬಾಡಿಗೆ ಪಾರ್ಟಿ ಹಾಲ್ ಬರೋದೂ ಬರುತ್ತೆ.

ಅಷ್ಟರಲ್ಲಿ ಕಾನೂನೂ ಸುಮ್ಮನಿರಲಿಲ್ಲ. ಬಡಾವಣೆಯ ಒಟ್ಟು ಜಾಗದಲ್ಲಿ ಕನಿಷ್ಠ 15 ಶೇಕಡ ಪಾರ್ಕು, ಆಟದ ಮೈದಾನಕ್ಕೆ, ಅದರ ಮೇಲೆ ಕನಿಷ್ಠ 10 ಶೇಕಡ ನಾಗರಿಕ ಸೌಲಭ್ಯಕ್ಕೆ ಮೀಸಲಿಡಬೇಕು ಅನ್ನೋ ನಿಯಮ ಬಿಡಿಎ ಕಾಯ್ದೆಗೆ ಸೇರಿತು. ಎರಡೂ ಬೇರೆ ಬೇರೆ ಲೆಕ್ಕ. ಒಂದರ ಜಾಗ ತೆಗೆದು ಇನ್ನೊಂದಕ್ಕೆ ಹಾಕೋ ಹಾಗಿಲ್ಲ. 1985ರಲ್ಲಿ ಊರೂರಿನ ಪಾರ್ಕು, ಆಟದ ಮೈದಾನ, ಬಯಲುಗಳನ್ನ ಕಾಪಾಡೋಕೆ ಇನ್ನೊಂದು ಕಾಯ್ದೆಯೂ ಬಂತು.

ಹಾಗಂತ 1991ಕ್ಕೆ ಕಥೆ ಸುಖಾಂತ್ಯ ಆಗಲಿಲ್ಲ. 1998ರಲ್ಲಿ ಕಬ್ಬನ್ ಪಾರ್ಕಿನ ಸುಮಾರು 32 ಎಕರೆಯನ್ನ ಪಾರ್ಕಿನ ಗಡಿಯಿಂದ ಹೊರಗಿಡುವ ಆದೇಶ ಬಂತು. ಜನ ಪಾರ್ಕಿನಲ್ಲಿ ದಿನಾ ಸೇರಿ ಪ್ರತಿಭಟಿಸಿದರು. ಸರ್ಕಾರದ ಸಮರ್ಥನೆ ಸ್ವಾರಸ್ಯವಾಗಿತ್ತು: ಶಾಸಕರ ಭವನ, ಲೋಕಸೇವಾ ಆಯೋಗ ಅಂತೆಲ್ಲ ಕಟ್ಟಡ ಎದ್ದು ಆ ಜಾಗ ಯಾವತ್ತೋ ಹೋಗಿದೆ ಅಂತ. ಮೊದಲು ಕಟ್ಟು, ಆಮೇಲೆ ಕಟ್ಟಿದ್ದನ್ನೇ ಕಾರಣ ಮಾಡು. ಈ ಉಪಾಯ ನಮ್ಮ ಬೀದಿ ಪಾರ್ಕಿನಲ್ಲೂ ನಡೆಯುತ್ತೆ. ಪಂಪ್ ಹೌಸಿನ ಪಕ್ಕ ಒಂದು ಶೆಡ್ಡು, ಶೆಡ್ಡಿನ ಪಕ್ಕ ಒಂದು ಕಚೇರಿ, ಕಚೇರಿ ಇದೆ ಅಂತ ಒಂದು ಪಾರ್ಕಿಂಗ್.

ಜನರನ್ನ ಕೇಳುವ ವ್ಯವಸ್ಥೆ ಕಾಗದದ ಮೇಲೆ ಇಲ್ಲ ಅಂತಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅಂತಾಯ್ತು. ಆದರೆ ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕಾರ್ಪೊರೇಟರೇ ಇಲ್ಲದ ಮೇಲೆ ಅಧಿಕಾರಿಗಳೇ ಎಲ್ಲ. 2023ರಲ್ಲಿ ಅದೇ ಸ್ಯಾಂಕಿ ಕೆರೆ ಪಕ್ಕ ಮೇಲ್ಸೇತುವೆ, ರಸ್ತೆ ಅಗಲೀಕರಣದ ಯೋಜನೆ ಬಂದಾಗ ಸುತ್ತಲಿನವರು ಮೌನ ಮೆರವಣಿಗೆ ಮಾಡಿದರು. ಮೊದಲು ನಮ್ಮ ಜೊತೆ ಮಾತಾಡಿ ಅನ್ನೋದು ಅವರ ಬೇಡಿಕೆ. ಅವರ ಮೇಲೆ ಪೊಲೀಸರು ಕೇಸು ಹಾಕಿದರು. ಮುದ್ದಪ್ಪ ಮೊಕದ್ದಮೆಯ ಪಾರ್ಕ್ ಇದ್ದದ್ದು ಅದೇ ಕೆರೆಯ ಹತ್ತಿರ ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಅಮೆರಿಕದ ಶೆರಿ ಆರ್ನ್‌ಸ್ಟೀನ್ 1969ರಲ್ಲಿ ಒಂದು ಹೆಸರುವಾಸಿ ಲೇಖನ ಬರೆದರು. ಜನರ ಪಾಲ್ಗೊಳ್ಳುವಿಕೆಯನ್ನ ಎಂಟು ಮೆಟ್ಟಿಲಿನ ಏಣಿ ಅಂತ ಅವರು ತೋರಿಸಿದರು. ಕೆಳಗಿನ ಮೆಟ್ಟಿಲಲ್ಲಿ ಜನರನ್ನ ಬರೀ ಮರುಳು ಮಾಡೋದು, ತುತ್ತತುದಿಯಲ್ಲಿ ನಿರ್ಧಾರವೇ ಜನರ ಕೈಗೆ. "ಸಲಹೆ ಕೇಳೋದು" ಎಷ್ಟನೇ ಮೆಟ್ಟಿಲು ಗೊತ್ತಾ? ನಾಲ್ಕನೇದು. ಅರ್ಧ ದಾರಿ ಅಷ್ಟೇ. ಕೇಳಿದವರು ಕೇಳಿಸಿಕೊಂಡರು ಅನ್ನೋಕೆ ಅಲ್ಲಿ ಖಾತ್ರಿ ಇಲ್ಲ.

ಹಾಗಾದ್ರೆ ಆ ಹನ್ನೊಂದು ಗಂಟೆ ಸಭೆಗೆ ಹೋಗಿ ಏನು ಪ್ರಯೋಜನ ಅಂತೀರಾ? ಈ ಇತಿಹಾಸವೇ ಉತ್ತರ ಹೇಳುತ್ತೆ. ರಾಜಮಹಲ್ ವಿಲಾಸದವರ ಕೈ ಹಿಡಿದದ್ದು ಒಂದು ಹಳೇ ನಕ್ಷೆ. ಅದರಲ್ಲಿ ಆ ಜಾಗ ಪಾರ್ಕು ಅಂತ ಬರೆದಿತ್ತು. ಸಭೆಯಲ್ಲಿ ಬೆಂಚಿನ ಬಣ್ಣದ ಬಗ್ಗೆ ಮಾತಾಡೋ ಮೊದಲು ಮೂಲ ನಕ್ಷೆ ತೋರಿಸಿ ಅನ್ನಿ. ಕ್ಲಬ್ ಹೌಸ್ ಪಾರ್ಕಿನ ಲೆಕ್ಕದಲ್ಲಿದೆಯೋ, ನಾಗರಿಕ ಸೌಲಭ್ಯದ ಲೆಕ್ಕದಲ್ಲೋ ಕೇಳಿ. ಕೆಲಸ ಮುಗಿದ ಮೇಲೆ ಬೀಗದ ಕೈ ಯಾರ ಹತ್ತಿರ ಇರುತ್ತೆ, ಮನೆಗೆಲಸದವರ ಮಕ್ಕಳೂ ಒಳಗೆ ಬಂದು ಆಡಬಹುದಾ ಅಂತ ಕೇಳಿ. ಬಂದ ಉತ್ತರವನ್ನ ನಡಾವಳಿಯಲ್ಲಿ ಬರೆಸಿ, ಪ್ರತಿ ತಗೊಳ್ಳಿ. ಸಭೆ ಭಾನುವಾರ ಇಡಿ ಅಂತಲೂ ಅರ್ಜಿ ಕೊಡಿ. ಒಂದು ದಿನ ಕೋರ್ಟಿಗೆ ಹೋಗಬೇಕಾಗಿ ಬಂದರೆ ಕೈಯಲ್ಲಿರೋದು ಆ ಕಾಗದಗಳೇ.

1976ರಲ್ಲಿ ಒಂದು ಸಹಿಗೆ ಹೋದ ಪಾರ್ಕು ವಾಪಸ್ ಬರೋಕೆ ಹದಿನೈದು ವರ್ಷ ಹಿಡೀತು. ಅದಕ್ಕೆ ಹೋಲಿಸಿದರೆ ಅರ್ಧ ದಿನದ ರಜೆ ದೊಡ್ಡದೇನಲ್ಲ.