‘ಮಾಸ್ ಎಫೆಕ್ಟ್’ ಗೇಮ್ ಆಡುವುದು ಹೇಗೆ? ಅದರ ಬಗ್ಗೆ ಹಬ್ಬಿದ ಮಾತುಗಳಲ್ಲಿ ಎಷ್ಟು ನಿಜ?

2008ರ ಜನವರಿ. ಅಮೆರಿಕದ ಫಾಕ್ಸ್ ನ್ಯೂಸ್ ವಾಹಿನಿಯಲ್ಲಿ ಒಂದು ವಿಡಿಯೋ ಗೇಮ್ ಬಗ್ಗೆ ಬಿಸಿ ಚರ್ಚೆ. ಆ ಗೇಮ್‌ನಲ್ಲಿ ಪೂರ್ಣ ನಗ್ನ ದೃಶ್ಯಗಳಿವೆ, ಮಕ್ಕಳ ಕೈಗೆ ಸಿಕ್ಕರೆ ಗತಿಯೇನು ಎಂಬ ಆತಂಕ. ಗೇಮ್ ವಿರುದ್ಧ ಮಾತನಾಡಿದವರು ಲೇಖಕಿ ಕೂಪರ್ ಲಾರೆನ್ಸ್. ಎದುರಿಗಿದ್ದ ಗೇಮ್ ಪತ್ರಕರ್ತ ಜೆಫ್ ಕೀಲಿ ಒಂದೇ ಪ್ರಶ್ನೆ ಕೇಳಿದರು: ನೀವು ಈ ಗೇಮ್ ಆಡಿದ್ದೀರಾ? ಲಾರೆನ್ಸ್ ನಕ್ಕು ‘ಇಲ್ಲ’ ಎಂದರು.

ಆ ಗೇಮ್‌ನ ಹೆಸರು ಮಾಸ್ ಎಫೆಕ್ಟ್. ಇದರ ಬಗ್ಗೆ ಆಗಲೂ ಈಗಲೂ ಮಾತು ಬಹಳ. ಆದರೆ ಅದನ್ನು ಆಡುವುದು ಹೇಗೆ ಎಂದು ತಿಳಿಯದೆ ಆ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಹೇಳಲು ಬರುವುದಿಲ್ಲ. ಹಾಗಾಗಿ ಮೊದಲು ಆಟ, ಆಮೇಲೆ ಹಬ್ಬಿದ ಮಾತುಗಳು. (ಕಥೆಯ ಕೆಲವು ಮುಖ್ಯ ತಿರುವುಗಳು ಈ ಲೇಖನದಲ್ಲಿವೆ. ನೀವೇ ಆಡಬೇಕೆಂದಿದ್ದರೆ ಎಚ್ಚರ!)

ಇದು ಎಂತಹ ಗೇಮ್?

ಮಾಸ್ ಎಫೆಕ್ಟ್ ಒಂದು ವೈಜ್ಞಾನಿಕ ಕಾದಂಬರಿಯಂತಹ ಕಥೆಯುಳ್ಳ ರೋಲ್ ಪ್ಲೇಯಿಂಗ್ ಗೇಮ್. ಅಂದರೆ ನೀವು ಒಂದು ಪಾತ್ರವನ್ನು ವಹಿಸಿಕೊಳ್ಳುತ್ತೀರಿ. ಆ ಪಾತ್ರ ಏನು ಮಾತನಾಡಬೇಕು, ಯಾವ ಕೌಶಲ ಕಲಿಯಬೇಕು, ಯಾರ ಪಕ್ಷ ವಹಿಸಬೇಕು ಎಂಬುದನ್ನು ನೀವೇ ನಿರ್ಧರಿಸುತ್ತೀರಿ. ಇಂತಹ ಆಟಗಳನ್ನು ಚಿಕ್ಕದಾಗಿ ಆರ್‌ಪಿಜಿ ಎನ್ನುತ್ತಾರೆ.

ಇದನ್ನು ತಯಾರಿಸಿದ್ದು ಕೆನಡಾದ ಎಡ್ಮಂಟನ್ ನಗರದ ಬಯೋವೇರ್ ಕಂಪನಿ. 1995ರಲ್ಲಿ ಈ ಕಂಪನಿಯನ್ನು ಕಟ್ಟಿದವರು ವೈದ್ಯಕೀಯ ಓದಿದ್ದ ಡಾಕ್ಟರುಗಳು ಎಂಬುದು ಒಂದು ವಿಶೇಷ. ಗೇಮ್‌ನ ನಿರ್ದೇಶಕ ಕೇಸಿ ಹಡ್ಸನ್, ಮುಖ್ಯ ಬರಹಗಾರ ಡ್ರೂ ಕಾರ್ಪಿಶಿನ್. 2007ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ, 2008ರಲ್ಲಿ ಕಂಪ್ಯೂಟರ್‌ಗೆ ಬಂತು. ಎರಡನೇ ಭಾಗ 2010ರಲ್ಲಿ, ಮೂರನೆಯದು 2012ರಲ್ಲಿ. ಮೂರನ್ನೂ ಒಟ್ಟು ಸೇರಿಸಿ ಹೊಸ ಮೆರುಗು ಕೊಟ್ಟ ‘ಲೆಜೆಂಡರಿ ಎಡಿಷನ್’ 2021ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು.

ಕಥೆ ಏನು?

ಮೊದಲ ಭಾಗದ ಕಥೆ ನಡೆಯುವುದು ಕ್ರಿ.ಶ. 2183ರಲ್ಲಿ. ಮಂಗಳ ಗ್ರಹದಲ್ಲಿ ಸಿಕ್ಕ ಪುರಾತನ ಅನ್ಯಲೋಕದ ತಂತ್ರಜ್ಞಾನದಿಂದ ಮನುಷ್ಯರು ದೂರದ ನಕ್ಷತ್ರಗಳಿಗೆ ಹೋಗಲು ಕಲಿತಿದ್ದಾರೆ. ಅಲ್ಲಿ ಹೋಗಿ ನೋಡಿದರೆ ಬೇರೆ ಜೀವಿಗಳು ಆಗಲೇ ಸಿಟಾಡೆಲ್ ಎಂಬ ಬೃಹತ್ ಬಾಹ್ಯಾಕಾಶ ನಿಲ್ದಾಣದಲ್ಲಿ ಕುಳಿತು ಆಡಳಿತ ನಡೆಸುತ್ತಿದ್ದಾರೆ. ಮನುಷ್ಯರು ಅಲ್ಲಿಗೆ ಹೊಸಬರು. ಅವರ ಮಾತಿಗೆ ಇನ್ನೂ ಬೆಲೆ ಇಲ್ಲ.

ನಿಮ್ಮ ಪಾತ್ರದ ಹೆಸರು ಕಮಾಂಡರ್ ಶೆಪರ್ಡ್. ಗಂಡೋ ಹೆಣ್ಣೋ ನಿಮ್ಮ ಆಯ್ಕೆ. ಸಾರೆನ್ ಎಂಬ ದ್ರೋಹಿ ಅಧಿಕಾರಿಯನ್ನು ಹುಡುಕುವುದು ನಿಮ್ಮ ಕೆಲಸ. ಹುಡುಕುತ್ತ ಹೋದಂತೆ ದೊಡ್ಡ ಅಪಾಯ ಬಯಲಾಗುತ್ತದೆ: ರೀಪರ್ ಎಂಬ ಯಂತ್ರಜೀವಿಗಳು ಸುಮಾರು 50,000 ವರ್ಷಗಳಿಗೊಮ್ಮೆ ಬಂದು ಮುಂದುವರಿದ ನಾಗರಿಕತೆಗಳನ್ನೆಲ್ಲ ಅಳಿಸಿಹಾಕುತ್ತವೆ. ಮತ್ತೆ ಅವು ಬರುವ ಕಾಲ ಹತ್ತಿರವಾಗಿದೆ.

ಆಡುವುದು ಹೇಗೆ?

ಪಾತ್ರ: ಮೊದಲು ಶೆಪರ್ಡ್‌ನ ಮುಖ, ಬಾಲ್ಯ, ಸೇನೆಯ ಹಿನ್ನೆಲೆ ಆರಿಸಬೇಕು. ಆಮೇಲೆ ಆರು ವರ್ಗಗಳಲ್ಲಿ ಒಂದು. ಸೋಲ್ಜರ್‌ಗೆ ಬಂದೂಕೇ ಬಲ. ಎಂಜಿನಿಯರ್ ಶತ್ರುಗಳ ಯಂತ್ರಗಳನ್ನು ಕೆಡಿಸಬಲ್ಲ. ಅಡೆಪ್ಟ್ ಕೈ ಬೀಸಿ ಎದುರಾಳಿಯನ್ನು ಗಾಳಿಗೆ ಎತ್ತಬಲ್ಲ. ಈ ಶಕ್ತಿಗೆ ಆಟದಲ್ಲಿ ‘ಬಯೋಟಿಕ್ಸ್’ ಎಂದು ಹೆಸರು. ಉಳಿದ ಮೂರು ವರ್ಗಗಳು ಇವುಗಳ ಮಿಶ್ರಣ.

ತಂಡ: ಆರು ಮಂದಿ ಸಂಗಾತಿಗಳು ಜೊತೆಯಾಗುತ್ತಾರೆ. ಇಬ್ಬರು ಮನುಷ್ಯರು, ನಾಲ್ವರು ಅನ್ಯಲೋಕದವರು. ಒಂದು ಬಾರಿಗೆ ಇಬ್ಬರನ್ನು ಮಾತ್ರ ಕಾರ್ಯಾಚರಣೆಗೆ ಕರೆದೊಯ್ಯಬಹುದು. ಉಳಿದವರು ನಾರ್ಮಂಡಿ ಎಂಬ ನಿಮ್ಮ ನೌಕೆಯಲ್ಲೇ ಇರುತ್ತಾರೆ. ಬಿಡುವಾದಾಗ ಹೋಗಿ ಮಾತನಾಡಿಸಿದರೆ ತಮ್ಮ ಊರು, ಮನೆ, ಜನಾಂಗದ ಕಥೆ ಹೇಳುತ್ತಾರೆ.

ಹೋರಾಟ: ಗೋಡೆ, ಪೆಟ್ಟಿಗೆಗಳ ಮರೆಯಲ್ಲಿ ನಿಂತು ಗುಂಡು ಹಾರಿಸಬೇಕು. ನಡುವೆ ಆಟವನ್ನು ನಿಲ್ಲಿಸಿ, ಸಂಗಾತಿಗಳಿಗೆ ಯಾರ ಮೇಲೆ ಯಾವ ಶಕ್ತಿ ಬಳಸಬೇಕು ಎಂದು ಹೇಳಿ, ಮತ್ತೆ ಮುಂದುವರಿಸಬಹುದು. ಮೊದಲ ಭಾಗದಲ್ಲಿ ಗುಂಡು ಮುಗಿಯುವುದೇ ಇಲ್ಲ, ಆದರೆ ಬಂದೂಕು ಬಿಸಿಯಾಗುತ್ತದೆ. ಒಂದೇ ಸಮನೆ ಹಾರಿಸಿದರೆ ಅದು ತಣ್ಣಗಾಗುವ ತನಕ ಕಾಯಬೇಕು.

ಮಾತು: ಈ ಆಟ ಹೆಸರು ಮಾಡಿದ್ದು ಇದರಿಂದಲೇ. ಯಾರಾದರೂ ಮಾತನಾಡುವಾಗ ಪರದೆಯ ಕೆಳಗೆ ಒಂದು ಚಕ್ರ ಮೂಡುತ್ತದೆ. ಅದರ ಸುತ್ತ ಎರಡು ಮೂರು ಪದಗಳ ಚಿಕ್ಕ ಉತ್ತರಗಳು. ಸಾಮಾನ್ಯವಾಗಿ ಮೇಲಿನದು ಸೌಮ್ಯ, ಕೆಳಗಿನದು ಒರಟು, ಎಡಗಡೆಯದು ಇನ್ನಷ್ಟು ವಿಚಾರಿಸಲು. ಒಂದನ್ನು ಆರಿಸಿದರೆ ಶೆಪರ್ಡ್ ಅದೇ ಅರ್ಥದ ಪೂರ್ತಿ ವಾಕ್ಯ ನುಡಿಯುತ್ತಾನೆ ಅಥವಾ ನುಡಿಯುತ್ತಾಳೆ. ಕೆಲವೊಮ್ಮೆ ನೀವು ಎಣಿಸಿದ್ದಕ್ಕಿಂತ ಖಾರವಾದ ಮಾತೇ ಬರುವುದುಂಟು.

ಸೌಮ್ಯ ನಡೆಗೆ ‘ಪ್ಯಾರಗಾನ್’ ಅಂಕ, ಒರಟು ನಡೆಗೆ ‘ರೆನೆಗೇಡ್’ ಅಂಕ. ಇವು ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲ, ಬೇರೆ ಬೇರೆ ಲೆಕ್ಕಗಳು. ಒಂದು ಏರಿದರೆ ಇನ್ನೊಂದು ಇಳಿಯುವುದಿಲ್ಲ. ಮನವೊಲಿಸುವ ಅಥವಾ ಬೆದರಿಸುವ ಕೌಶಲ ಬೆಳೆಸಿಕೊಂಡರೆ ನೀಲಿ, ಕೆಂಪು ಬಣ್ಣದ ವಿಶೇಷ ಉತ್ತರಗಳು ತೆರೆದುಕೊಳ್ಳುತ್ತವೆ.

ಮಾತಿಗೆ ಎಷ್ಟು ಬೆಲೆ?

ವರ್ಮೈರ್ ಎಂಬ ಗ್ರಹದಲ್ಲಿ ನಡೆಯುವ ಎರಡು ಘಟನೆಗಳನ್ನು ನೋಡಿ.

ನಿಮ್ಮ ಸಂಗಾತಿ ರೆಕ್ಸ್ ಕ್ರೋಗನ್ ಜನಾಂಗದವನು. ಆ ಜನಾಂಗಕ್ಕೆ ಹುಟ್ಟುವ ಮಕ್ಕಳು ಬಹುತೇಕ ಬದುಕದಂತೆ ಮಾಡುವ ರೋಗವನ್ನು ಬೇರೆಯವರು ಬೇಕೆಂದೇ ಹಬ್ಬಿಸಿದ್ದಾರೆ. ಅದಕ್ಕೆ ಮದ್ದು ಈ ಗ್ರಹದಲ್ಲಿದೆ, ಆದರೆ ಅದು ಶತ್ರುವಿನ ಕೈಯಲ್ಲಿದೆ. ಆ ನೆಲೆಯನ್ನು ನಾಶ ಮಾಡುವುದು ನಿಮ್ಮ ಕೆಲಸ. ರೆಕ್ಸ್ ಬಂದೂಕು ಹಿಡಿದು ನಿಮ್ಮೆದುರು ನಿಲ್ಲುತ್ತಾನೆ. ಮಾತಿನ ಕೌಶಲವಿದ್ದರೆ, ಅಥವಾ ಹಿಂದೆ ಅವನ ಮನೆತನದ ಕವಚ ಹುಡುಕಿಕೊಟ್ಟಿದ್ದರೆ, ಅವನು ಸಮಾಧಾನವಾಗಬಹುದು. ಇಲ್ಲದಿದ್ದರೆ ಅಲ್ಲೇ ಅವನ ಕಥೆ ಮುಗಿಯುತ್ತದೆ.

ಅದಾದ ಸ್ವಲ್ಪ ಹೊತ್ತಿಗೆ ಕೈಡನ್ ಮತ್ತು ಆಶ್ಲಿ ಎಂಬ ಇಬ್ಬರು ಸಂಗಾತಿಗಳು ಬೇರೆ ಬೇರೆ ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಬಾಂಬ್ ಸಿಡಿಯಲಿದೆ. ಒಬ್ಬರನ್ನು ಮಾತ್ರ ಉಳಿಸಲು ಸಮಯವಿದೆ. ಇಲ್ಲಿ ಯಾವ ಕೌಶಲವೂ ಕೆಲಸಕ್ಕೆ ಬರುವುದಿಲ್ಲ. ‘ಸರಿಯಾದ ಉತ್ತರ’ವೇ ಇಲ್ಲ. ಸತ್ತವರು ಮುಂದಿನ ಎರಡು ಭಾಗಗಳಲ್ಲೂ ಮರಳಿ ಬರುವುದಿಲ್ಲ. ಏಕೆಂದರೆ ಒಂದು ಭಾಗದಲ್ಲಿ ಉಳಿಸಿಟ್ಟ ಸೇವ್ ಫೈಲನ್ನು ಮುಂದಿನ ಭಾಗಕ್ಕೆ ತೆಗೆದುಕೊಂಡು ಹೋದರೆ ನಿಮ್ಮ ಹಳೆಯ ನಿರ್ಧಾರಗಳೂ ಜೊತೆಗೆ ಬರುತ್ತವೆ.

ಹಬ್ಬಿದ ಮಾತು 1: ‘ಇದು ಮಕ್ಕಳನ್ನು ಕೆಡಿಸುವ ಅಶ್ಲೀಲ ಗೇಮ್’

ವಾಸ್ತವ: ಗೇಮ್‌ನಲ್ಲಿ ಒಂದು ಪ್ರಣಯ ದೃಶ್ಯ ಇರುವುದು ನಿಜ. ಒಬ್ಬ ಸಂಗಾತಿಯೊಡನೆ ಗಂಟೆಗಟ್ಟಲೆ ಆಟದುದ್ದಕ್ಕೂ ಮಾತನಾಡಿ ಸ್ನೇಹ ಬೆಳೆಸಿದ್ದರೆ ಮಾತ್ರ ಅದು ಕಥೆಯ ಕೊನೆಯ ಹಂತದಲ್ಲಿ ಬರುತ್ತದೆ. ಚಿಕ್ಕ ದೃಶ್ಯ, ದೇಹ ಕ್ಷಣಕಾಲ ಅರೆಬರೆ ಕಾಣುತ್ತದೆ, ಆಡುವವರ ನಿಯಂತ್ರಣ ಅಲ್ಲಿ ಇರುವುದಿಲ್ಲ. ಬೇಡವೆಂದರೆ ಆ ದೃಶ್ಯ ನೋಡದೆಯೇ ಇಡೀ ಗೇಮ್ ಮುಗಿಸಬಹುದು.

ಹಾಗಾದರೆ ಇದು ಮಕ್ಕಳ ಆಟವೇ? ಅದೂ ಅಲ್ಲ. ಅಮೆರಿಕದಲ್ಲಿ ಇದಕ್ಕೆ 17 ವರ್ಷ ಮೇಲ್ಪಟ್ಟವರ ರೇಟಿಂಗ್ ಇದೆ. ಬ್ರಿಟನ್ನಿನ ಮಂಡಳಿ ಇದೇ ಮೊದಲ ಭಾಗಕ್ಕೆ 12 ವರ್ಷದ ಮಿತಿ ಇಟ್ಟಿತು. ಸಿಂಗಾಪುರ 2007ರಲ್ಲಿ ಮೊದಲು ನಿಷೇಧಿಸಿ, ನಂತರ ಅದನ್ನು ಹಿಂತೆಗೆದುಕೊಂಡು 18 ವರ್ಷದ ಮಿತಿ ಹಾಕಿತು. ಒಂದೇ ಗೇಮ್, ಮೂರು ದೇಶಗಳ ಮೂರು ಅಳತೆ! ಗುಂಡಿನ ಕಾಳಗ, ಸಾವು, ಕಠಿಣ ಮಾತುಗಳು ಇರುವುದರಿಂದ ಪಾಲಕರು ರೇಟಿಂಗ್ ನೋಡಿಯೇ ತೀರ್ಮಾನಿಸುವುದು ಒಳ್ಳೆಯದು.

ಟಿವಿ ಚರ್ಚೆಯ ಮುಂದಿನ ಕಥೆಯನ್ನೂ ಕೇಳಿ. ಕಾರ್ಯಕ್ರಮದ ನಂತರ ಲಾರೆನ್ಸ್ ಬೇರೊಬ್ಬರು ಆ ಗೇಮ್ ಆಡುವುದನ್ನು ಎರಡು ಗಂಟೆಗೂ ಹೆಚ್ಚು ಕಾಲ ಕುಳಿತು ನೋಡಿದರು. ಟಿವಿ ಧಾರಾವಾಹಿಗಳಲ್ಲಿ ಇದಕ್ಕಿಂತ ಹೆಚ್ಚಿನದನ್ನು ಕಂಡಿದ್ದೇನೆ, ಯಾರೋ ಹೇಳಿದ್ದನ್ನು ನಂಬಿ ಮಾತನಾಡಿದೆ ಎಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ತಿಳಿಸಿ ವಿಷಾದ ವ್ಯಕ್ತಪಡಿಸಿದರು.

ಆದರೆ ಅಷ್ಟರಲ್ಲಿ ಸಿಟ್ಟಿಗೆದ್ದ ಗೇಮ್ ಅಭಿಮಾನಿಗಳು ಅಮೆಜಾನ್‌ನಲ್ಲಿ ಅವರ ಹೊಸ ಪುಸ್ತಕಕ್ಕೆ ನೂರಾರು ಸಂಖ್ಯೆಯಲ್ಲಿ ಒಂದೇ ಸ್ಟಾರ್ ಕೊಟ್ಟಿದ್ದರು. ಪುಸ್ತಕ ಓದಿಲ್ಲ, ಆದರೂ ಕೆಟ್ಟದ್ದು ಎಂದು ಕೇಳಿದ್ದೇವೆ ಎಂದು ಅವರನ್ನೇ ಅಣಕಿಸಿ ಬರೆದವರೂ ಇದ್ದರು. ಆಡದವರು ಆಟವನ್ನು ಹಳಿದರು, ಓದದವರು ಪುಸ್ತಕವನ್ನು ಹಳಿದರು. ತಪ್ಪು ಎರಡೂ ಕಡೆ ಒಂದೇ.

ಹಬ್ಬಿದ ಮಾತು 2: ‘ನಿಮ್ಮ ಪ್ರತಿ ನಿರ್ಧಾರವೂ ಕಥೆಯನ್ನೇ ಬದಲಿಸುತ್ತದೆ’

ವಾಸ್ತವ: ಅರ್ಧ ಸತ್ಯ. ಯಾರು ಬದುಕುತ್ತಾರೆ, ಯಾರು ನಿಮ್ಮ ಜೊತೆ ನಿಲ್ಲುತ್ತಾರೆ, ಯಾರು ಮಾತು ಬಿಡುತ್ತಾರೆ ಎಂಬುದು ನಿಜಕ್ಕೂ ಬದಲಾಗುತ್ತದೆ. ರೆಕ್ಸ್ ಸತ್ತಿದ್ದರೆ ಮುಂದಿನ ಭಾಗಗಳಲ್ಲಿ ಅವನ ಜನರ ಮುಂದಾಳು ಬೇರೊಬ್ಬ. ಆದರೆ ಕಥೆಯ ಬೆನ್ನೆಲುಬು ಯಾರು ಆಡಿದರೂ ಒಂದೇ. ನೀವು ಏನೇ ಮಾಡಿದರೂ ಸಾರೆನ್‌ನನ್ನು ಎದುರಿಸಲೇಬೇಕು, ಮೂರನೇ ಭಾಗದಲ್ಲಿ ರೀಪರ್‌ಗಳು ಬಂದೇ ಬರುತ್ತವೆ.

2012ರಲ್ಲಿ ಮೂರನೇ ಭಾಗದ ಅಂತ್ಯ ನೋಡಿದ ಅಭಿಮಾನಿಗಳು, ಇಷ್ಟು ವರ್ಷಗಳ ನಮ್ಮ ನಿರ್ಧಾರಗಳಿಗೆ ಬೆಲೆ ಎಲ್ಲಿ ಎಂದು ದೊಡ್ಡ ಪ್ರತಿಭಟನೆಯನ್ನೇ ಮಾಡಿದರು. ಬಯೋವೇರ್ ಅದೇ ವರ್ಷ ಜೂನ್‌ನಲ್ಲಿ ಅಂತ್ಯವನ್ನು ಹಿಗ್ಗಿಸಿ, ವಿವರಿಸಿ ಉಚಿತವಾಗಿ ಕೊಟ್ಟಿತು.

ಹಬ್ಬಿದ ಮಾತು 3: ‘ಈ ಗೇಮ್‌ನ ವಿಜ್ಞಾನ ನಿಜ’

ವಾಸ್ತವ: ಕೆಲವು ನಿಜ, ಬುಡ ಕಲ್ಪನೆ.

ಆಟದಲ್ಲಿ ‘ಎಲಿಮೆಂಟ್ ಝೀರೋ’ ಎಂಬ ವಸ್ತುವಿದೆ. ಅದರಲ್ಲಿ ವಿದ್ಯುತ್ ಹರಿಸಿದರೆ ಸುತ್ತಲಿನ ವಸ್ತುಗಳ ದ್ರವ್ಯರಾಶಿ ಹೆಚ್ಚು ಕಡಿಮೆಯಾಗುತ್ತದೆಯಂತೆ. ಗೇಮ್‌ನ ಹೆಸರು ಬಂದದ್ದೇ ಇದರಿಂದ. ಅಂತಹ ಧಾತು ಇಲ್ಲ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ., ದ್ರವ್ಯರಾಶಿ ಇರುವ ಯಾವುದೂ ಆ ವೇಗ ಮುಟ್ಟಲಾರದು ಎಂಬುದು ಐನ್‌ಸ್ಟೈನ್ ಸಿದ್ಧಾಂತ. ಸೂರ್ಯನನ್ನು ಬಿಟ್ಟರೆ ಅತಿ ಹತ್ತಿರದ ನಕ್ಷತ್ರಕ್ಕೆ ಬೆಳಕೇ 4 ವರ್ಷಕ್ಕೂ ಹೆಚ್ಚು ಕಾಲ ಪ್ರಯಾಣಿಸಬೇಕು. ಈ ಕಷ್ಟವನ್ನು ದಾಟಲು ಬರಹಗಾರರು ಕಟ್ಟಿದ ಕಲ್ಪನೆಯೇ ಎಲಿಮೆಂಟ್ ಝೀರೋ. ಇದಕ್ಕೆ ಕಾರಣ ‘ಡಾರ್ಕ್ ಎನರ್ಜಿ’ ಎಂದು ಆಟ ಹೇಳುತ್ತದೆ. ಡಾರ್ಕ್ ಎನರ್ಜಿ ಎಂಬ ಹೆಸರು ವಿಜ್ಞಾನದಲ್ಲಿದೆ. ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಿರುವುದು 1998ರಲ್ಲಿ ಗೊತ್ತಾದ ಮೇಲೆ ಅದಕ್ಕೆ ಕಾರಣವಾದದ್ದಕ್ಕೆ ಇಟ್ಟ ಹೆಸರು ಅದು. ವಸ್ತುವನ್ನು ಹಗುರ ಮಾಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ಲೂಟೋದ ಉಪಗ್ರಹ ಶಾರನ್ ನಿಜವಾಗಿ ಮಂಜುಗಡ್ಡೆಯಿಂದ ಮುಚ್ಚಿದ ಅನ್ಯಲೋಕದ ಯಂತ್ರ ಎನ್ನುತ್ತದೆ ಆಟ. 2015ರ ಜುಲೈನಲ್ಲಿ ನ್ಯೂ ಹೊರೈಜನ್ಸ್ ನೌಕೆ ಹತ್ತಿರದಿಂದ ಫೋಟೋ ತೆಗೆಯಿತು. ಕಂಡದ್ದು ಕಣಿವೆಗಳು, ಕೆಂಬಣ್ಣದ ಧ್ರುವ ಪ್ರದೇಶ. ಯಂತ್ರವಲ್ಲ.

ಆದರೆ ಒಂದು ವಿಷಯದಲ್ಲಿ ಬರಹಗಾರರಿಗೆ ಪೂರ್ಣ ಅಂಕ ಕೊಡಬೇಕು. ನಾರ್ಮಂಡಿ ನೌಕೆ ಶತ್ರುವಿನ ಕಣ್ಣಿಗೆ ಬೀಳದಿರಲು ತನ್ನ ಶಾಖವನ್ನು ಒಳಗೇ ತುಂಬಿಟ್ಟುಕೊಳ್ಳುತ್ತದೆ. ಹೆಚ್ಚು ಹೊತ್ತು ಹಾಗಿದ್ದರೆ ಒಳಗಿನವರೇ ಬೆಂದು ಹೋಗುತ್ತಾರೆ. ಇದರ ಹಿಂದಿನ ವಿಜ್ಞಾನ ನಿಜ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲದ ಕಾರಣ ಶಾಖವು ವಿಕಿರಣವಾಗಿ ಮಾತ್ರ ಹೊರಹೋಗಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೂ ಇದಕ್ಕೆಂದೇ ದೊಡ್ಡ ರೇಡಿಯೇಟರ್ ಹಲಗೆಗಳಿವೆ.

ಮೊಬೈಲ್‌ನಲ್ಲಿ ಆಡಬಹುದೇ?

ಲೆಜೆಂಡರಿ ಎಡಿಷನ್ ಬಂದದ್ದು ಕಂಪ್ಯೂಟರ್, ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗೆ. ಆಂಡ್ರಾಯ್ಡ್ ಆ್ಯಪ್ ಆಗಿ ಬಿಡುಗಡೆಯಾಗಿಲ್ಲ. ‘ಪೂರ್ತಿ ಗೇಮ್ ಮೊಬೈಲ್‌ಗೆ ಉಚಿತ’ ಎಂದು ಯಾರಾದರೂ ಎಪಿಕೆ ಲಿಂಕ್ ಕಳುಹಿಸಿದರೆ ಒತ್ತಬೇಡಿ. ಅಂತಹ ಫೈಲ್‌ಗಳಲ್ಲಿ ನಿಮ್ಮ ಫೋನಿನ ಮಾಹಿತಿ ಕದಿಯುವ ತಂತ್ರಾಂಶ ಅಡಗಿರಬಹುದು.

ಫಾರ್ವರ್ಡ್ ಮಾಡುವ ಮೊದಲು

ಯಾವುದೇ ಗೇಮ್ ಬಗ್ಗೆ ಬೆಚ್ಚಿಬೀಳಿಸುವ ಸಂದೇಶ ಬಂದರೆ ಮೂರು ಕೆಲಸ ಮಾಡಿ. ಒಂದು, ಬರೆದವರು ಅದನ್ನು ಆಡಿದ್ದಾರೆಯೇ ಎಂದು ನೋಡಿ. ಎರಡು, ಗೇಮ್ ಮಾರುವ ಪುಟದಲ್ಲೇ ಇರುವ ವಯಸ್ಸಿನ ರೇಟಿಂಗ್ ಓದಿ. ಮೂರು, ಯೂಟ್ಯೂಬ್‌ನಲ್ಲಿ ಯಾರಾದರೂ ಆ ಗೇಮ್ ಆಡುವ ವಿಡಿಯೋವನ್ನು ಅರ್ಧ ಗಂಟೆ ನೋಡಿ. ಮನೆಯಲ್ಲಿ ಮಕ್ಕಳು ಆಡುತ್ತಿದ್ದರೆ ಇನ್ನೂ ಸುಲಭ: ಪಕ್ಕದಲ್ಲಿ ಕುಳಿತು ‘ಇದೇನು, ನನಗೂ ತೋರಿಸು’ ಎನ್ನಿ.

ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ! 2008ರಲ್ಲಿ ಆದದ್ದು ಅದೇ. ಆಗ ಅದು ಟಿವಿಯಲ್ಲಿ ನಡೆಯಿತು, ಈಗ ನಮ್ಮ ಕೈಯಲ್ಲಿರುವ ಫೋನಿನಲ್ಲಿ ನಡೆಯುತ್ತದೆ. ಲಾರೆನ್ಸ್ ಕೊನೆಗಾದರೂ ಕುಳಿತು ನೋಡಿ, ತಪ್ಪಾಯಿತು ಎಂದು ಒಪ್ಪಿಕೊಂಡರು. ನಾವು ಕಳುಹಿಸುವ ಮೊದಲೇ ನೋಡಿದರೆ ಆ ಸಂದರ್ಭವೇ ಬರುವುದಿಲ್ಲ.