ನೀರೆತ್ತುವ ಮೋಟಾರು ನೀರನ್ನು ಗೆದ್ದ ಬಗೆ

ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳ ನದಿದಂಡೆಯಲ್ಲಿ ಪಂಪ್‌ಸೆಟ್ಟಿನ ಮೋಟಾರು ನೀರಿಗಿಂತ ಮೇಲೆ, ಪುಟ್ಟ ಶೆಡ್ಡಿನೊಳಗೆ ಇರುತ್ತದೆ. ಆದರೂ ಮಳೆಗಾಲದ ತೇವಕ್ಕೆ ಅದು ಸುಟ್ಟುಹೋಗುವುದುಂಟು. ಬರಪೀಡಿತ ಜಗಳೂರಿನಲ್ಲಿ, ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಕೊಳವೆಬಾವಿಯ ಸಬ್‌ಮರ್ಸಿಬಲ್ ಮೋಟಾರು ನೀರಿನಲ್ಲಿ ಮುಳುಗಿಯೇ ವರ್ಷಗಟ್ಟಲೆ ಓಡುತ್ತದೆ. ಇದು ಹೇಗೆ ಸಾಧ್ಯ? ಉತ್ತರ ವಿದ್ಯುತ್ ನಿರೋಧಕಗಳ ಚರಿತ್ರೆಯಲ್ಲಿದೆ.

ನಿಕೋಲ ಟೆಸ್ಲಾ ಇಂಡಕ್ಷನ್ ಮೋಟಾರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು 1902ರಲ್ಲಿ. ಆ ಕಾಲದ ಮೋಟಾರುಗಳಲ್ಲಿ ತಾಮ್ರದ ತಂತಿಗೆ ಹತ್ತಿನೂಲು, ಕಾಗದ ಮುಂತಾದವುಗಳ ಹೊದಿಕೆಯಿರುತ್ತಿತ್ತು. ಒಣಗಿದ್ದಾಗ ಇವು ಒಳ್ಳೆಯ ನಿರೋಧಕಗಳು. ಆದರೆ ಗಾಳಿಯ ತೇವವನ್ನು ಹೀರುತ್ತವೆ. ಆದ್ದರಿಂದ ಸುರುಳಿಗೆ ಅರಗಿನಿಂದ ಮಾಡಿದ ಶೆಲ್ಯಾಕ್ ಅಥವಾ ವಾರ್ನಿಷ್ ಉಣಿಸಿ, ಶಾಖದಲ್ಲಿ ಒಣಗಿಸುತ್ತಿದ್ದರು.

ಶುದ್ಧ ನೀರು ದುರ್ಬಲ ವಾಹಕ. ಆದರೆ ಸುರುಳಿಯ ಮೇಲಿನ ಧೂಳಿನ ಲವಣಗಳು ತೇವದಲ್ಲಿ ಕರಗಿದರೆ ಅಯಾನುಗಳು ದೊರೆತು, ವಿದ್ಯುತ್ತು ಸೋರಲು ದಾರಿಯಾಗುತ್ತದೆ. ಮೋಟಾರು 'ಉಸಿರಾಡು'ವುದೂ ಉಂಟು. ಓಡಿ ಬಿಸಿಯಾದ ಮೋಟಾರು ನಿಂತು ತಣಿಯುವಾಗ ಒಳಗಿನ ಗಾಳಿ ಕುಗ್ಗುತ್ತದೆ; ಹೊರಗಿನ ತೇವದ ಗಾಳಿ ಒಳನುಗ್ಗುತ್ತದೆ. ಬಹುದಿನ ನಿಂತ ಮೋಟಾರು ಅಪಾಯಕ್ಕೆ ಸಿಲುಕುವುದು ಇದರಿಂದಲೇ.

ಪರಿಹಾರ ಎರಡು ದಾರಿಗಳಲ್ಲಿ ಬಂದಿತು. ಮೊದಲನೆಯದು, ಮುಚ್ಚಿದ ಕವಚ. ಮೋಟಾರಿನ ಫಲಕದಲ್ಲಿ 'ಐಪಿ 55' ಎಂದಿದ್ದರೆ ಮೊದಲ ಅಂಕಿ ಧೂಳಿನಿಂದ, ಎರಡನೆಯದು ನೀರಿನಿಂದ ಇರುವ ರಕ್ಷಣೆಯ ಮಟ್ಟವನ್ನು ತಿಳಿಸುತ್ತದೆ. ಎರಡನೆಯದು, ತಂತಿಗೇ ನೀರು ತಾಗದ ಹೊದಿಕೆ. 1926ರಲ್ಲಿ ವಾಲ್ಡೊ ಸೆಮನ್ ಪಿ.ವಿ.ಸಿ.ಯನ್ನು ಬಾಗುವಂತೆ ಮೃದುಗೊಳಿಸಿದ್ದು ಇದಕ್ಕೆ ನೆರವಾಯಿತು. ಪಿ.ವಿ.ಸಿ. ಹೊದಿಸಿದ ತಂತಿಯ ಅನೇಕ ಸಬ್‌ಮರ್ಸಿಬಲ್ ಮೋಟಾರುಗಳಿಗೆ ಇಳಿಸುವ ಮೊದಲು ಶುದ್ಧ ನೀರನ್ನೇ ತುಂಬುತ್ತಾರೆ. ಶತ್ರುವಾಗಿದ್ದ ನೀರು ಅಲ್ಲಿ ಸುರುಳಿಯನ್ನು ತಣಿಸುತ್ತದೆ, ಬೇರಿಂಗಿಗೆ ಜಾರುಕವೂ ಆಗುತ್ತದೆ.

ಹಾಗಾದರೆ ನೆನೆದ ಶೆಡ್ಡಿನ ಮೋಟಾರನ್ನು ಏನು ಮಾಡಬೇಕು? ಕೂಡಲೇ ಸ್ವಿಚ್ ಒತ್ತಬಾರದು. ತಿಳಿದವರು ವಿದ್ಯುತ್ ಸಂಪರ್ಕ ತಪ್ಪಿಸಿ, ಬಿಚ್ಚಿ, ಹದವಾದ ಶಾಖದಲ್ಲಿ ಒಣಗಿಸಿ, 500 ವೋಲ್ಟಿನ ಮೆಗ್ಗರ್‌ನಿಂದ ಪರೀಕ್ಷಿಸಬೇಕು. ಸುರುಳಿಗೂ ಕವಚಕ್ಕೂ ನಡುವೆ 1 ಮೆಗಾ ಓಮ್ ರೋಧವಿದ್ದರೆ ಸೋರುವ ವಿದ್ಯುತ್ತು 0.5 ಮಿಲಿಆಂಪಿಯರ್ ಮಾತ್ರ. ರೋಧ ಅದಕ್ಕಿಂತ ಇಳಿದಿದ್ದರೆ ಇನ್ನೂ ಒಣಗಿಸಬೇಕು. ಭೂಸಂಪರ್ಕವಂತೂ ಇರಲೇಬೇಕು, ಅದು ಕಾಯುವುದು ಮೋಟಾರನ್ನಲ್ಲ, ಅದನ್ನು ಮುಟ್ಟುವ ರೈತನನ್ನು.

ಓಮನ ನಿಯಮವನ್ನು ಕಲಿಸುವಾಗ ಶಿಕ್ಷಕರು ಈ ಲೆಕ್ಕವನ್ನೇ ಉದಾಹರಣೆಯಾಗಿ ಕೊಡಬಹುದು.